‘ಎಂ’ ಒತ್ತಿದರೆ ಏನೂ ಆಗದ ವಿಮಾನದ ಆಟ

ಪ್ರಶ್ನೆ: 1990ರ ದಶಕದ ಆರಂಭದಲ್ಲಿ ದಾವಣಗೆರೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ನಾನೂ ನನ್ನ ದೊಡ್ಡಪ್ಪನ ಮಗನೂ ಡಾಸ್ ಎಂಬ, ಆಗಿನ ಪಿಸಿಗಳನ್ನು ನಡೆಸುತ್ತಿದ್ದ ವ್ಯವಸ್ಥೆಯನ್ನು ಕಲಿಯಲು ಸೇರಿದ್ದೆವು. ಕಲಿತದ್ದು ಕಡಿಮೆ, ಆಡಿದ್ದು ಹೆಚ್ಚು. ಜೇನುಬಣ್ಣದ ಪರದೆಯ ಮೇಲೆ ಜೋಡಿ ರೆಕ್ಕೆಯ ಪುಟ್ಟ ವಿಮಾನ, ಕೆಳಗೆ ಗುಡ್ಡಗಳು, ಬಾಂಬು ಹಾಕಿ ಉರುಳಿಸಲು ಕಟ್ಟಡಗಳು, ನಡುವೆ ದನಗಳು. ಆಟದ ಹೆಸರು ‘ಸಾಪ್‌ವಿತ್’ ಎಂದು ನನ್ನ ನೆನಪು, ‘ಬ್ಲೂ ಮ್ಯಾಕ್ಸ್’ ಎಂದು ಅಣ್ಣನ ವಾದ. ಶುರುವಿನಲ್ಲಿ ಎಸ್, ಎಂ, ಸಿ ಎಂಬ ಆಯ್ಕೆಗಳಿದ್ದವು. ಎಂ ಒತ್ತಿದರೆ ಆಟ ಮುಂದಕ್ಕೇ ಹೋಗುತ್ತಿರಲಿಲ್ಲ. ಮೇಷ್ಟ್ರನ್ನು ಕೇಳಿದರೆ ಫ್ಲಾಪಿ ಕೆಟ್ಟಿದೆ ಎಂದರು. ವಿಮಾನ ಮಗುಚಿಕೊಂಡಾಗ ಕೀಗಳು ತಿರುಗುಮುರುಗಾಗುತ್ತಿದ್ದವು, ಅದೂ ಫ್ಲಾಪಿಯ ದೋಷವೇ? ನಿಜವಾದ ಯುದ್ಧವಿಮಾನಕ್ಕೂ ಈ ಆಟಕ್ಕೂ ಏನಾದರೂ ಸಂಬಂಧವಿತ್ತೇ? ಈಗ ಮಗಳಿಗೆ ಇದನ್ನು ತೋರಿಸಬೇಕೆಂಬ ಆಸೆ.

ಉತ್ತರ: ಮೊದಲು ಅಣ್ಣತಮ್ಮಂದಿರ ವ್ಯಾಜ್ಯ. ಗೆದ್ದವರು ನೀವು, ನೀವು ಆಡಿದ್ದು ‘ಸಾಪ್‌ವಿತ್’. ದನಗಳಿದ್ದವು ಎಂದಿರಲ್ಲ, ಅಷ್ಟೇ ಸಾಕ್ಷಿ ಸಾಕು. ಆದರೆ ಅಣ್ಣನನ್ನು ತೀರಾ ಹಂಗಿಸಬೇಡಿ. ‘ಬ್ಲೂ ಮ್ಯಾಕ್ಸ್’ ಕೂಡ ಮೊದಲ ಮಹಾಯುದ್ಧದ ಆಟವೇ, ಅದರಲ್ಲೂ ಹಾರುವುದು ಸಾಪ್‌ವಿತ್ ಕಂಪನಿ ಕಟ್ಟಿದ ‘ಕ್ಯಾಮೆಲ್’ ಎಂಬ ಬ್ರಿಟಿಷ್ ಯುದ್ಧವಿಮಾನವೇ. ಬಾಬ್ ಪೋಲಿನ್ ಎಂಬವರು ಅಟಾರಿಯ ಎಂಟು ಬಿಟ್ ಮನೆ ಕಂಪ್ಯೂಟರಿಗಾಗಿ ಬರೆದ ಅದನ್ನು ಸಿನಾಪ್ಸ್ ಸಾಫ್ಟ್‌ವೇರ್ 1983ರಲ್ಲಿ ಹೊರತಂದಿತು. ಬಳಿಕ ಕಮೊಡೋರ್ 64 ಎಂಬ ಇನ್ನೊಂದು ಮನೆ ಕಂಪ್ಯೂಟರಿಗೂ ಬಂತು. ಅಲ್ಲಿ ನೆಲ ಓರೆಯಾಗಿ ಜಾರುತ್ತಾ ಬರುತ್ತದೆ, ಸೆಗಾದ ‘ಝ್ಯಾಕ್ಸನ್’ ಆಟದ ಹಾಗೆ. ಎಷ್ಟು ಎತ್ತರದಲ್ಲಿದ್ದೀರಿ ಎಂಬುದನ್ನು ನೆಲದ ಮೇಲೆ ಓಡುವ ವಿಮಾನದ ನೆರಳಿನಿಂದ ಅಳೆಯಬೇಕು. ನಿಮ್ಮ ಆಟದಲ್ಲಿ ನೋಟ ಪಕ್ಕದಿಂದ, ಗೋಡೆಯ ಮೇಲೆ ಹಲ್ಲಿ ಓಡುವುದನ್ನು ನೋಡಿದ ಹಾಗೆ. ಒಂದನ್ನು ಆಡಿದವರು ಇನ್ನೊಂದೆಂದು ಭ್ರಮಿಸುವುದು ಕಷ್ಟ, ಆದರೆ ಮೂವತ್ತು ವರ್ಷ ಕಳೆದ ಮೇಲೆ ಅಂತರ್ಜಾಲದಲ್ಲಿ ಹುಡುಕಿದವರು ಭ್ರಮಿಸಬಹುದು.

ಆ ‘ಬ್ಲೂ ಮ್ಯಾಕ್ಸ್’ ಹೆಸರಿನಲ್ಲೇ ಒಂದು ತಮಾಷೆಯಿದೆ. ಅದು ಪ್ರಷ್ಯದ ‘ಪೂರ್ ಲ ಮೆರಿಟ್’ ಎಂಬ ನೀಲಿ ಶಿಲುಬೆಯ ಪದಕದ ಅಡ್ಡಹೆಸರು. ಮ್ಯಾಕ್ಸ್ ಇಮೆಲ್‌ಮನ್ ಎಂಬ ಜರ್ಮನ್ ವೈಮಾನಿಕನಿಗೆ ಅದು 1916ರ ಜನವರಿಯಲ್ಲಿ ಸಿಕ್ಕಿತು, ಅವನಿಂದಲೇ ಮ್ಯಾಕ್ಸ್ ಎಂಬ ಹೆಸರು ಅಂಟಿಕೊಂಡಿತು ಎನ್ನುತ್ತಾರೆ. ಆಟದಲ್ಲಾದರೋ ವಿಮಾನ ಬ್ರಿಟಿಷರದು, ನುಡಿಸುವ ರಾಗ ‘ರೂಲ್ ಬ್ರಿಟಾನಿಯ’, ತಲೆಬರಹ ಮಾತ್ರ ಶತ್ರುವಿನ ಪದಕ. ಇಮೆಲ್‌ಮನ್‌ನನ್ನು ನೆನಪಿಟ್ಟುಕೊಳ್ಳಿ, ಕೀಗಳ ವಿಷಯಕ್ಕೆ ಬಂದಾಗ ಅವನು ಮತ್ತೆ ಬೇಕಾಗುತ್ತಾನೆ.

ಈಗ ಎಂ. ನಿಮ್ಮ ಮೇಷ್ಟ್ರು ಫ್ಲಾಪಿಯ ಮೇಲೆ ತಪ್ಪು ಹೊರಿಸಿದ್ದು ಅನ್ಯಾಯ. ಫ್ಲಾಪಿ ಚೆನ್ನಾಗಿಯೇ ಇತ್ತು. ಎಂ ಎಂದರೆ ಹಲವರು ಒಟ್ಟಿಗೆ ಆಡುವ ಆಯ್ಕೆ, ಮತ್ತು ಆ ಆಟ ಹುಟ್ಟಿದ್ದೇ ಆ ಒಂದು ಕೀಗಾಗಿ.

ಕೆನಡಾದ ಬಿಎಂಬಿ ಕಾಂಪ್ಯುಸೈನ್ಸ್ ಎಂಬ ಕಂಪನಿ ‘ಇಮ್ಯಾಜಿನೆಟ್’ ಎಂಬ ತನ್ನದೇ ಜಾಲವ್ಯವಸ್ಥೆಯನ್ನು ಮಾರಲು ಹೊರಟಿತ್ತು. ಒಂದು ಕೋಣೆಯ ಹಲವು ಪಿಸಿಗಳನ್ನು ತಂತಿಯಿಂದ ಜೋಡಿಸುವ ಸರಕು. 1984ರಲ್ಲಿ ಗಿರಾಕಿಗೆ ಇದರ ಪ್ರಯೋಜನವನ್ನು ಬಾಯಿಮಾತಿನಲ್ಲಿ ತಿಳಿಸುವುದು ಹೇಗೆ? ಕಡತ ಇಲ್ಲಿಂದ ಅಲ್ಲಿಗೆ ಹೋಯಿತು ಎಂದು ತೋರಿಸಿದರೆ ಯಾರ ಕಣ್ಣೂ ಅರಳುವುದಿಲ್ಲ. ಈ ಮೇಜಿನವನು ಹಾರಿಸಿದ ಗುಂಡು ಆ ಮೇಜಿನವನ ವಿಮಾನವನ್ನು ಉರುಳಿಸಿದರೆ ಅರಳುತ್ತದೆ. ಅಂಥ ಒಂದು ಪ್ರದರ್ಶನಕ್ಕಾಗಿ ಆ ಕಂಪನಿಯ ಡೇವಿಡ್ ಎಲ್. ಕ್ಲಾರ್ಕ್ ಈ ಆಟವನ್ನು ಬರೆದರು. ಅಂದರೆ ನೀವು ಆಡಿದ್ದು ಒಂದು ಜಾಹೀರಾತು. ಎಸ್ ಮತ್ತು ಸಿ ಎಂಬ ಒಂಟಿ ಆಟಗಳು ಊಟದೆಲೆಯ ಉಪ್ಪಿನಕಾಯಿ, ಎಂ ಎಂಬುದೇ ಅನ್ನ.

ಆದದ್ದು ತದ್ವಿರುದ್ಧ. ಇಮ್ಯಾಜಿನೆಟ್‌ನ ಗಿರಾಕಿಗಳು ವಿರಳ, ಆಟ ಮಾತ್ರ ಲೋಕವನ್ನೆಲ್ಲ ಸುತ್ತಿತು. ಜಾಲದ ಯಂತ್ರಾಂಶವಿಲ್ಲದೆಯೂ ಯಾವ ಐಬಿಎಂ ಮಾದರಿಯ ಪಿಸಿಯಲ್ಲಾದರೂ ಉಳಿದೆರಡು ಆಯ್ಕೆಗಳು ನಡೆಯುತ್ತಿದ್ದವು. 360 ಕೆಬಿಯ ಒಂದು ಫ್ಲಾಪಿಯ ಮೂಲೆಯಲ್ಲಿ ಕೂರುವಷ್ಟು ಚಿಕ್ಕ ಕಡತ, ಹಾಗಾಗಿ ಯಾರು ಯಾವ ಫ್ಲಾಪಿಯನ್ನು ಯಾರಿಗೆ ಕೊಟ್ಟರೂ ಜೊತೆಗೆ ಇದೂ ಹೋಗುತ್ತಿತ್ತು. ಹಾಗೆ ದಾವಣಗೆರೆಯ ನಿಮ್ಮ ಮೇಜಿಗೂ ಬಂತು, ನಾನು ಕಂಪ್ಯೂಟರ್ ರಿಪೇರಿ ಕಲಿಯುತ್ತಿದ್ದ ಅಂಗಡಿಗೂ ಬಂತು. ಎರಡು ಕಡೆಯೂ ಎಂ ಕೀ ತನ್ನ ತಂತಿಗಾಗಿ ಕಾಯುತ್ತಾ ಕುಳಿತಿತ್ತು. ತಂತಿ ಯಾರಿಗೂ ಬರಲಿಲ್ಲ.

ಪರದೆಯ ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಅಲ್ಲೊಂದು ಕೈಚಳಕವಿದೆ. ಈ ಆಟ ಬರೆದದ್ದು ಸಿಜಿಎ ಎಂಬ, ಪರದೆಗೆ ಬಣ್ಣದ ಚಿತ್ರ ಕಳಿಸುವ ಕಾರ್ಡಿಗೆ. ಒಟ್ಟು ನಾಲ್ಕು ಬಣ್ಣ: ಕಪ್ಪು, ಬಿಳಿ, ತಿಳಿನೀಲಿ ಮತ್ತು ಕಣ್ಣು ಕುಕ್ಕುವ ಕೆನ್ನೇರಳೆ. ನಮ್ಮ ತರಬೇತಿ ಕೇಂದ್ರಗಳಲ್ಲಿ ಹೆಚ್ಚಾಗಿ ಇದ್ದದ್ದು ಅಗ್ಗದ ಹರ್ಕ್ಯುಲಿಸ್ ಕಾರ್ಡು ಮತ್ತು ಒಂದೇ ಬಣ್ಣದ ಮಾನಿಟರು. ಸಿಜಿಎ ಆಟವನ್ನು ಅದರಲ್ಲಿ ನೇರವಾಗಿ ಆಡಲು ಬರುವುದಿಲ್ಲ. ‘ಸಿಮ್‌ಸಿಜಿಎ’ ಎಂಬ ಪುಟ್ಟ ಪ್ರೋಗ್ರಾಮನ್ನು ಮೊದಲು ಓಡಿಸಿದರೆ ಅದು ಮೆಮೊರಿಯಲ್ಲಿ ಅಡಗಿ ಕುಳಿತು, ಸಿಜಿಎ ಇದೆ ಎಂದು ಆಟವನ್ನು ನಂಬಿಸುತ್ತಿತ್ತು. ನಿಮ್ಮ ಪರದೆ ಜೇನುಬಣ್ಣದ್ದಾಗಿತ್ತೆಂದರೆ ನೀವು ಬರುವ ಮೊದಲೇ ಯಾರೋ ಆ ಕೆಲಸ ಮಾಡಿರುತ್ತಿದ್ದರು. ಬಹುಶಃ ಫ್ಲಾಪಿ ಕೆಟ್ಟಿದೆ ಎಂದ ಅದೇ ಮೇಷ್ಟ್ರು.

ಇನ್ನು ಕೀಗಳ ತಿರುಗುಮುರುಗು. ಇದು ದೋಷವಲ್ಲ, ಆಟದ ಜೀವಾಳ. ಅಲ್ಪವಿರಾಮದ ಕೀ ಒತ್ತಿದರೆ ವಿಮಾನ ಮೇಲೇರುತ್ತದೆ, ಓರೆಗೆರೆಯ ಕೀ ಒತ್ತಿದರೆ ಇಳಿಯುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ನಿಜದಲ್ಲಿ ಅಲ್ಪವಿರಾಮ ಮಾಡುವುದು ಮೂತಿಯನ್ನು ಪೈಲಟ್‌ನ ತಲೆಯ ಕಡೆಗೆ ತಿರುಗಿಸುವ ಕೆಲಸ. ಪೈಲಟ್‌ನ ತಲೆ ಆಕಾಶದ ಕಡೆಗಿದ್ದರೆ ವಿಮಾನ ಏರುತ್ತದೆ, ನೆಲದ ಕಡೆಗಿದ್ದರೆ ನೆಲಕ್ಕೇ ಗುದ್ದುತ್ತದೆ. ಅಸಲಿ ವಿಮಾನದ ಹಿಡಿಕೆಯೂ ಹಾಗೆಯೇ: ಹೊಟ್ಟೆಯ ಕಡೆಗೆ ಎಳೆದರೆ ಮೂತಿ ತಲೆಯ ಕಡೆಗೆ ಬರುತ್ತದೆ, ಭೂಮಿ ಎಲ್ಲಿದೆ ಎಂಬುದು ಹಿಡಿಕೆಗೆ ಬೇಕಿಲ್ಲ. ಆ ಕಾಲದ ಎಷ್ಟೋ ಆಟಗಳಲ್ಲಿ ವಿಮಾನವೆಂದರೆ ಪರದೆಯ ಮೇಲೆ ಬೇಕಾದತ್ತ ಜರುಗುವ ಬೊಂಬೆ. ಇಲ್ಲಿ ಹದಿನಾರು ಕೋನಗಳಲ್ಲಿ ಬರೆದ ಪುಟ್ಟ ಚಿತ್ರಗಳಿವೆ, ಅದೂ ನೆಟ್ಟಗಿರುವುದೇ ಬೇರೆ, ಮಗುಚಿದ್ದೇ ಬೇರೆ. ಅಷ್ಟರಲ್ಲೇ ಕ್ಲಾರ್ಕ್ ಹಾರಾಟದ ಮುಖ್ಯ ಸತ್ಯವನ್ನು ಹಿಡಿದಿಟ್ಟರು.

ಮಗುಚಿದಾಗ ಉಪಾಯ ಅವೆರಡರ ನಡುವೆಯೇ ಇತ್ತು: ಪೂರ್ಣವಿರಾಮದ ಕೀ. ಅದನ್ನು ಒತ್ತಿದರೆ ವಿಮಾನ ಮಗ್ಗುಲು ಹೊರಳಿ ನೆಟ್ಟಗಾಗುತ್ತದೆ. ಮಗಳಿಗೆ ಕಲಿಸುವಾಗ ಮೊದಲು ಇದನ್ನೇ ಕಲಿಸಿ. ಶತ್ರು ಬೆನ್ನಿಗೆ ಬಿದ್ದಿದ್ದಾನೆ ಎಂದಿಟ್ಟುಕೊಳ್ಳಿ. ಅಲ್ಪವಿರಾಮವನ್ನು ಒತ್ತಿ ಹಿಡಿದು ಅರ್ಧ ವೃತ್ತ ಮೇಲೇರಿ. ಈಗ ನೀವು ಬಂದ ದಾರಿಗೆ ಮುಖ ಮಾಡಿದ್ದೀರಿ, ಆದರೆ ತಲೆಕೆಳಗಾಗಿ. ಪೂರ್ಣವಿರಾಮ ಒತ್ತಿ, ನೆಟ್ಟಗಾಗಿ, ಗುಂಡು ಹಾರಿಸಿ. ಈ ವರಸೆಗೆ ವೈಮಾನಿಕರ ಭಾಷೆಯಲ್ಲಿ ಇಮೆಲ್‌ಮನ್ ತಿರುವು ಎಂದೇ ಹೆಸರು. ಅಣ್ಣನ ‘ಬ್ಲೂ ಮ್ಯಾಕ್ಸ್’ ಹೀಗೆ ಹಿಂಬಾಗಿಲಿನಿಂದ ನಿಮ್ಮ ಆಟದೊಳಗೂ ಬಂದುಬಿಟ್ಟ. ಇಮೆಲ್‌ಮನ್ ತನ್ನ ಕಾಲದಲ್ಲಿ ಮಾಡುತ್ತಿದ್ದ ಪಟ್ಟು ಇದೇ ರೂಪದ್ದಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ.

ಉಳಿದ ಕೀಗಳನ್ನು ನೆನಪಿಸಿಬಿಡುತ್ತೇನೆ. ಎಕ್ಸ್ ವೇಗ ಹೆಚ್ಚಿಸಲು, ಝಡ್ ತಗ್ಗಿಸಲು, ಸ್ಪೇಸ್ ಪಟ್ಟಿ ಗುಂಡು ಹಾರಿಸಲು, ಬಿ ಬಾಂಬು ಹಾಕಲು. ಆಟದ ನಡುವೆ ಎಸ್ ಒತ್ತಿದರೆ ಸದ್ದಡಗುತ್ತದೆ. ಕಚೇರಿಯಲ್ಲಿ ಆಡಿದವರೆಲ್ಲ ಮೊದಲು ಕಲಿತ ಕೀ ಅದೇ ಇರಬೇಕು. ಎಚ್ ಒತ್ತಿದರೆ ವಿಮಾನ ತಾನೇ ಮನೆಯ ದಾರಿ ಹಿಡಿದು, ಇಳಿದು, ಇಂಧನವನ್ನೂ ಮದ್ದುಗುಂಡನ್ನೂ ತುಂಬಿಸಿಕೊಳ್ಳುತ್ತದೆ, ಸಂಜೆ ಹಟ್ಟಿಗೆ ತಿರುಗುವ ಹಸುವಿನ ಹಾಗೆ. ಕೈಯಲ್ಲಿರುವುದು ಐದೇ ಬಾಂಬು, ಗುರಿಗಳು ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಮನೆಗೆ ಓಡಾಡುತ್ತಲೇ ಇರಬೇಕು. ತೀರಾ ತಗ್ಗಿನಲ್ಲಿ ಬಾಂಬು ಹಾಕಬೇಡಿ, ಸಿಡಿದ ಕಟ್ಟಡದ ಚೂರು ನಿಮ್ಮ ವಿಮಾನಕ್ಕೇ ಬಡಿಯುತ್ತದೆ. ತೀರಾ ಮೇಲೆ ಹೋದರೂ ಕಷ್ಟ: ಪರದೆಯ ಅಂಚು ಮುಟ್ಟಿದರೆ, ಅಥವಾ ವೇಗ ಸಾಲದೆ ಏರಲು ಹೋದರೆ, ರೆಕ್ಕೆಗಳು ಸೋತು ವಿಮಾನ ಕಲ್ಲಿನಂತೆ ಬೀಳುತ್ತದೆ. ಆಗ ಗಾಬರಿಯಾಗಿ ಮೂತಿ ಎತ್ತಲು ಹೋಗಬೇಡಿ. ಮೂತಿ ಕೆಳಗೆ ಮಾಡಿ ಬೀಳಲು ಬಿಡಿ. ವೇಗ ಬಂದ ಮೇಲೆ ಎತ್ತಿ. ಹಾರಾಟ ಕಲಿಸುವವರು ಇಂದಿಗೂ ಹೇಳಿಕೊಡುವುದು ಇದನ್ನೇ.

ಹಾಗಾದರೆ ನಿಜವಾದ ವಿಮಾನದ ಹತ್ತಿರ ಆಟ ಎಷ್ಟು ಬರುತ್ತದೆ? ಒಂದು ವಿಷಯದಲ್ಲಿ ಬಹಳ ಹತ್ತಿರ. ನೆನಪು ಮಾಡಿಕೊಳ್ಳಿ, ನೀವಿಬ್ಬರೂ ಶತ್ರುವಿನ ಗುಂಡಿಗೆ ಬಲಿಯಾದದ್ದು ಹೆಚ್ಚೋ, ನೀವಾಗಿಯೇ ಗುಡ್ಡಕ್ಕೆ ಗುದ್ದಿ ಸತ್ತದ್ದು ಹೆಚ್ಚೋ? ಕ್ಯಾಮೆಲ್ ವಿಮಾನ ಹಾರಿಸಿದವರಲ್ಲಿ ಕಾಳಗದಲ್ಲಿ ಸತ್ತ ಪೈಲಟ್‌ಗಳು 413, ಕಾಳಗವಲ್ಲದ ಕಾರಣಗಳಿಂದ ಸತ್ತವರು 385 ಎಂಬ ಲೆಕ್ಕವಿದೆ. ಶತ್ರುವಿನಷ್ಟೇ ಜನರನ್ನು ಸ್ವಂತ ವಿಮಾನವೇ ಕೊಂದಿತು ಎಂದರೂ ನಡೆಯುತ್ತದೆ. ಅದೇ ವಿಮಾನ ಎದುರಾಳಿಗಳ 1294 ವಿಮಾನಗಳನ್ನು ಉರುಳಿಸಿದ ಖ್ಯಾತಿಯನ್ನೂ ಹೊತ್ತಿದೆ. ಎರಡಕ್ಕೂ ಕಾರಣ ಒಂದೇ, ಅದರ ಎಂಜಿನು.

ಈಗಿನ ಎಂಜಿನ್‌ಗಳಲ್ಲಿ ಸಿಲಿಂಡರುಗಳು ನಿಂತಿರುತ್ತವೆ, ಒಳಗಿನ ದಂಡ ತಿರುಗುತ್ತದೆ. ಕ್ಯಾಮೆಲ್‌ನಲ್ಲಿ ದಂಡ ನಿಂತಿರುತ್ತಿತ್ತು, ಸಿಲಿಂಡರುಗಳ ಇಡೀ ಗುಂಪೇ ಪಂಖದ ಜೊತೆ ಗಿರಗಿರ ತಿರುಗುತ್ತಿತ್ತು. ಹಗುರವಾದ ಮರ ಮತ್ತು ಬಟ್ಟೆಯ ವಿಮಾನದ ಮೂಗಿಗೆ ದೊಡ್ಡ ಕಬ್ಬಿಣದ ಬುಗುರಿ ಕಟ್ಟಿದಂತೆ. ತಿರುಗುತ್ತಿರುವ ಬುಗುರಿಯನ್ನು ಬೆರಳಿನಿಂದ ತಳ್ಳಿ ನೋಡಿದ್ದೀರಲ್ಲ, ಅದು ತಳ್ಳಿದತ್ತ ಹೋಗದೆ ಪಕ್ಕಕ್ಕೆ ವಾಲುತ್ತದೆ. ಕ್ಯಾಮೆಲ್ ಹಾಗೆಯೇ ಮಾಡುತ್ತಿತ್ತು: ಎಡಕ್ಕೆ ತಿರುಗಿಸಿದರೆ ಮೂತಿ ಮೇಲಕ್ಕೆ, ಬಲಕ್ಕೆ ತಿರುಗಿಸಿದರೆ ಕೆಳಕ್ಕೆ. ಬಲ ತಿರುವು ಮಿಂಚಿನಂತೆ ಆಗುತ್ತಿದ್ದುದರಿಂದ, ಎಡಕ್ಕೆ ಕಾಲು ಸುತ್ತು ಹೋಗಬೇಕಾದಾಗಲೂ ಬಲಕ್ಕೆ ಮುಕ್ಕಾಲು ಸುತ್ತು ಹೊಡೆಯುವುದೇ ಲೇಸು ಎಂದು ಪೈಲಟ್‌ಗಳು ಭಾವಿಸುತ್ತಿದ್ದರು. ಪಳಗಿದವನ ಕೈಯಲ್ಲಿ ಇದು ವರ. ಹೊಸಬ ನೆಲದಿಂದ ಮೇಲೆದ್ದ ಅರೆಕ್ಷಣದಲ್ಲೇ ಬಲಕ್ಕೆ ವಾಲಿದನೋ, ಕತೆ ಮುಗಿಯಿತು. ಆಟ ಪಕ್ಕದ ನೋಟದ್ದಾದ್ದರಿಂದ ಎಡಬಲಗಳೇ ಅದರಲ್ಲಿಲ್ಲ. ಬುಗುರಿಯ ಕಾಟದಿಂದ ನೀವು ಪಾರಾದಿರಿ.

ಆ ಎಂಜಿನಿಗೆ ಹಾಕುತ್ತಿದ್ದ ಎಣ್ಣೆ ಯಾವುದು ಬಲ್ಲಿರಾ? ನಮ್ಮ ಹರಳೆಣ್ಣೆ. ಅದು ಪೆಟ್ರೋಲಿನ ಜೊತೆ ಸುಲಭವಾಗಿ ಬೆರೆಯುವುದಿಲ್ಲ, ಆದ್ದರಿಂದ ಸುತ್ತುವ ಎಂಜಿನಿಗೆ ಹೇಳಿ ಮಾಡಿಸಿದ್ದು. ಒಮ್ಮೆ ಒಳಗೆ ಹೋದ ಎಣ್ಣೆ ಮರಳಿ ಬರುವಂತಿರಲಿಲ್ಲ, ಅಷ್ಟೂ ಹೊಗೆಯ ಜೊತೆ ಹೊರಚಿಮ್ಮಿ ಪೈಲಟ್‌ನ ಮುಖಕ್ಕೆ ರಾಚುತ್ತಿತ್ತು. ಗಂಟೆಗಟ್ಟಲೆ ಆ ಹೊಗೆ ಕುಡಿದವನ ಹೊಟ್ಟೆಯ ಪಾಡು, ರಜೆಯಲ್ಲಿ ಅಜ್ಜಿ ಮೂಗು ಹಿಡಿದು ಹರಳೆಣ್ಣೆ ಕುಡಿಸಿದ್ದನ್ನು ನೆನೆದರೆ ನಿಮಗೇ ಗೊತ್ತಾಗುತ್ತದೆ. ಯಾವ ಆಟವೂ ಇದನ್ನು ತೋರಿಸುವ ಧೈರ್ಯ ಮಾಡಿಲ್ಲ.

ಒಂಟೆ ಎಂಬ ಅರ್ಥದ ಆ ಹೆಸರು ಬಂದದ್ದು ಎರಡು ವಿಕರ್ಸ್ ಮಷಿನ್‌ಗನ್‌ಗಳನ್ನು ಮುಚ್ಚಿದ ಡುಬ್ಬದಿಂದ. ಬಂದೂಕುಗಳು ತಿರುಗುವ ಪಂಖದ ಎಲೆಗಳ ನಡುವಿನಿಂದಲೇ ಗುಂಡು ಹಾರಿಸುತ್ತಿದ್ದವು. ಎಲೆ ಅಡ್ಡ ಬಂದ ಕ್ಷಣ ಗುಂಡು ತಡೆಹಿಡಿಯುವ ಯಂತ್ರವಿತ್ತು. ಬಾಂಬುಗಳೂ ಇದ್ದವು, ತಲಾ ಇಪ್ಪತ್ತು ಪೌಂಡಿನವು ನಾಲ್ಕು. ಆಟ ಧಾರಾಳವಾಗಿ ಐದು ಕೊಟ್ಟಿದೆ. 1917ರ ನವೆಂಬರಿನಲ್ಲಿ ಫ್ರಾನ್ಸಿನ ಕಾಂಬ್ರೇ ಕದನದಲ್ಲಿ ಈ ವಿಮಾನಗಳನ್ನು ತಗ್ಗಿನಲ್ಲಿ ಹಾರಿಸಿ ನೆಲದ ಸೈನ್ಯದ ಮೇಲೆ ದಾಳಿಗೆ ಬಿಟ್ಟರು, ಅಂದರೆ ನಿಮ್ಮ ಆಟದ ಕೆಲಸವನ್ನೇ ಮಾಡಿಸಿದರು. ಪ್ಯಾರಾಚೂಟ್ ಇರಲಿಲ್ಲ. ಎಚ್ ಕೀ ಮೊದಲೇ ಇರಲಿಲ್ಲ.

ಮಗಳಿಗೆ ಹೇಳಬೇಕಾದ ಒಂದು ಮಾತು ಇಲ್ಲಿದೆ. ಕ್ಯಾಮೆಲ್ ಹಾರಿಸಿದವರಲ್ಲಿ ಒಬ್ಬ ಭಾರತೀಯರಿದ್ದರು, ರಾವಲ್ಪಿಂಡಿಯಲ್ಲಿ ಹುಟ್ಟಿದ ಹರ್ದಿತ್ ಸಿಂಗ್ ಮಲಿಕ್. ಆಕ್ಸ್‌ಫರ್ಡ್‌ನಲ್ಲಿ ಓದಿ, ಸಸೆಕ್ಸ್ ಕೌಂಟಿಗೆ ಕ್ರಿಕೆಟ್ ಆಡಿ, ಬ್ರಿಟಿಷ್ ಸೇನೆಯ ಆಗಿನ ವಿಮಾನದಳವಾದ ರಾಯಲ್ ಫ್ಲೈಯಿಂಗ್ ಕೋರ್‌ನ 28ನೇ ಸ್ಕ್ವಾಡ್ರನ್ ಸೇರಿದವರು. ಪೇಟದ ಮೇಲೆ ಕೂರುವಂಥ ದೊಡ್ಡ ಶಿರಸ್ತ್ರಾಣವನ್ನು ಅವರಿಗಾಗಿಯೇ ಮಾಡಿಸಲಾಗಿತ್ತು. 1917ರ ಅಕ್ಟೋಬರ್ 26ರಂದು ಬೆಲ್ಜಿಯಂನ ಫ್ಲಾಂಡರ್ಸ್ ಮೇಲಿನ ಕಾಳಗದಲ್ಲಿ ಕಾಲಿಗೆ ಗುಂಡು ತಗುಲಿದರೂ ವಿಮಾನವನ್ನು ತಮ್ಮ ಗಡಿಯೊಳಗೆ ತಂದು ಕೆಡವಿ ಬದುಕಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಕೆನಡಾದಲ್ಲಿ ಭಾರತದ ಹೈಕಮಿಷನರ್ ಆದರು. ಅದೇ ಕೆನಡಾದಲ್ಲಿ ಈ ಆಟ ಹುಟ್ಟಿದಾಗ ಮಲಿಕ್ ಇನ್ನೂ ಬದುಕಿದ್ದರು, ತೀರಿಕೊಂಡದ್ದು 1985ರಲ್ಲಿ. ವಿಮಾನ ಕಟ್ಟಿದ ಥಾಮಸ್ ಸಾಪ್‌ವಿತ್ ಅಂತೂ 101 ವರ್ಷ ಬಾಳಿ 1989ರಲ್ಲಿ ಹೋದರು. ಮುದುಕರಿಬ್ಬರೂ ಆ ತಿಳಿನೀಲಿ ಪುಟಾಣಿಯನ್ನು ಒಮ್ಮೆ ನೋಡಿದ್ದರೆ ಏನನ್ನುತ್ತಿದ್ದರೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ದನಗಳಿಗೆ ಬರೋಣ. ಅವು ಎತ್ತುಗಳು, 1985ರ ‘ಸಾಪ್‌ವಿತ್ 2’ರಲ್ಲಿ ಹಕ್ಕಿಗಳ ಜೊತೆ ಬಂದವು. ಅಂದರೆ ನೀವು ಆಡಿದ್ದು ಎರಡನೆಯ ಆವೃತ್ತಿ. ಹಕ್ಕಿಗೆ ಡಿಕ್ಕಿ ಹೊಡೆದರೆ ವಿಮಾನ ಹೋಗುತ್ತದೆ. ಎತ್ತನ್ನು ಕೊಂದರೆ ಅಂಕ ಹೋಗುತ್ತದೆ. ಕಾರ್ಖಾನೆ, ತೈಲದ ಟ್ಯಾಂಕು, ಶತ್ರುವಿನ ವಿಮಾನ ಏನು ಸುಟ್ಟರೂ ಬಹುಮಾನ ಕೊಡುವ ಆಟ ಎತ್ತಿನ ವಿಷಯದಲ್ಲಿ ಮಾತ್ರ ದಂಡ ಹಾಕುವುದು ನನಗೆ ಅಂದೂ ಇಷ್ಟ, ಇಂದೂ ಇಷ್ಟ.

ಈಗ ಆಡುವ ದಾರಿ. ಎರಡಿವೆ. ಹಳೆಯ ಕಡತವೇ ಬೇಕೆಂದರೆ, ಡಾಸ್ ಕಾಲದ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಮು ಹಾಕಿಕೊಂಡು, ಅದರ ಸೆಟ್ಟಿಂಗ್‌ನಲ್ಲಿ ಯಂತ್ರದ ಬಗೆಯನ್ನು ಸಿಜಿಎ ಎಂದು ಬದಲಿಸಿ ಆಡಬಹುದು. ನಾನು ಶಿಫಾರಸು ಮಾಡುವುದು ಇನ್ನೊಂದನ್ನು. ಕ್ಲಾರ್ಕ್ ಅವರು 2000ದಲ್ಲಿ ಆಟದ ಮೂಲ ಕೋಡನ್ನೇ ಬಿಡುಗಡೆ ಮಾಡಿದರು, ಮುಂದೆ ಅದು, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಜಿಪಿಎಲ್ ಪರವಾನಗಿಗೂ ಬಂತು. ಅದನ್ನು ಹಿಡಿದು ಸೈಮನ್ ಹೋವರ್ಡ್ ಎಂಬವರು ‘ಎಸ್‌ಡಿಎಲ್ ಸಾಪ್‌ವಿತ್’ ಕಟ್ಟಿದ್ದಾರೆ. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಹಳೆಯ ನಕಲು ಫ್ಲಾಪಿಯ ಪಾಪಪ್ರಜ್ಞೆ ಏನಾದರೂ ಉಳಿದಿದ್ದರೆ ಇಲ್ಲಿ ತೊಳೆದುಕೊಳ್ಳಬಹುದು. ಮಗಳಿಗೆ ಮೊದಲು ಎಸ್ ಎಂಬ ಒಂಟಿ ಆಟ ಕೊಡಿ, ಅದರಲ್ಲಿ ನೆಲದ ಗುರಿಗಳಷ್ಟೇ ಇರುತ್ತವೆ. ಕಂಪ್ಯೂಟರ್ ಎದುರಾಳಿಯ ಸಿ ಆಯ್ಕೆ ಆಮೇಲೆ.

ಮತ್ತೆ, ಆ ಎಂ. ಈ ಹೊಸ ರೂಪದಲ್ಲಿ ಇಂದಿನ ಮಾಮೂಲಿ ಜಾಲದ ಮೇಲೆಯೇ ಇಬ್ಬರು ಆಡಬಹುದು. ಒಬ್ಬರು ಆಟ ತೆರೆದು ಕಾಯಬೇಕು, ಇನ್ನೊಬ್ಬರು ಅವರ ಐಪಿ ವಿಳಾಸ ಕೊಟ್ಟು ಸೇರಬೇಕು. ಬೇರೆ ಬೇರೆ ಊರಿನಿಂದಾದರೆ ರೌಟರ್‌ನ ಸೆಟ್ಟಿಂಗ್ ಜೊತೆ ಸ್ವಲ್ಪ ಗುದ್ದಾಡಬೇಕಾದೀತು, ಒಂದೇ ಮನೆಯ ವೈಫೈ ಆದರೆ ಅದೂ ಇಲ್ಲ. ಅಣ್ಣನನ್ನು ಹಬ್ಬಕ್ಕೆ ಮನೆಗೆ ಕರೆಯಿರಿ, ಲ್ಯಾಪ್‌ಟಾಪ್ ತರಲು ಹೇಳಿ. ಪೂರ್ಣವಿರಾಮದ ಕೀ ಏನು ಮಾಡುತ್ತದೆ ಎಂಬುದನ್ನು ಮಾತ್ರ ಆಟ ಮುಗಿಯುವವರೆಗೆ ಅವರಿಗೆ ಹೇಳಬೇಡಿ.